ಅಮ್ಮನ ಮನೆಯ ಬಾಡಿಗೆದಾರ

ನನಗೆ ಮೀಸೆ ಬಂದ ಮೇಲೆ ಸರಿಯಾಗಿ ಬೈಸಿಕೊಂಡದ್ದು ಎರಡೇ ಸಲ. ಎರಡೂ ಸಲ ಬೈದವರು ಒಬ್ಬರೇ. ಅವರು ನನ್ನ ಅಪ್ಪನಲ್ಲ, ಮೇಷ್ಟ್ರಲ್ಲ, ಆಫೀಸಿನ ಮೇಲಿನವರೂ ಅಲ್ಲ. ಉಡುಪಿಯ ಬನ್ನಂಜೆಯಲ್ಲಿ ಔಷಧದ ಅಂಗಡಿಯೊಂದರ ಮಾಳಿಗೆಯಲ್ಲಿ ಕೂತು ಊರವರ ಆದಾಯ ತೆರಿಗೆಯ ರಿಟರ್ನ್ ತುಂಬಿಸಿ ಕೊಡುತ್ತಿದ್ದ ಒಬ್ಬ ಹೆಂಗಸು. ಕಳೆದ ವರ್ಷ ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ತೀರಿಕೊಂಡರು. ಮೊದಲನೆಯ ಬೈಗುಳಕ್ಕೆ ನಾನು ಅವರಿಗೆ ಋಣಿ. ಎರಡನೆಯದನ್ನು ಹೊತ್ತಿಗೆ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅವರಿಗೊಂದು ಹೆಸರಿತ್ತು, ಬೋರ್ಡಿನ ಮೇಲೂ ಬರೆದಿತ್ತು. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಕೆಳಗಿನ ಔಷಧದ ಅಂಗಡಿಯವನೇ ತಬ್ಬಿಬ್ಬಾಗುತ್ತಿದ್ದ. ‘ಟ್ಯಾಕ್ಸಕ್ಕ ಇದ್ದಾರಾ?’ ಎಂದು ಕೇಳಬೇಕು. ಆಗ ಅವನು ಮಾತ್ರೆ ಎಣಿಸುವುದನ್ನು ನಿಲ್ಲಿಸದೆ ‘ಇದ್ದಾರೆ, ಹೋಗಿ’ ಎನ್ನುತ್ತಿದ್ದ. ಆಡಿಟರ್ ಎಂದು ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಆಡಿಟರ್ ಒಬ್ಬರ ಕೈಕೆಳಗೆ ಬಹಳ ವರ್ಷ ಕೆಲಸ ಮಾಡಿ, ಅವರು ತೀರಿಕೊಂಡ ಮೇಲೆ ಆ ಕೋಣೆಯನ್ನೂ ಆ ಮೇಜನ್ನೂ ಉಳಿಸಿಕೊಂಡವರು ಇವರು. ‘ಆಡಿಟರ್ ಅಂದ್ರೆ ಅವರು. ನಾನು ಫಾರ್ಮ್ ತುಂಬಿಸುವವಳು’ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗಿರಾಕಿಗಳೆಂದರೆ ನಮ್ಮಂಥವರೇ. ಮಣಿಪಾಲದ ಆಸ್ಪತ್ರೆಯ ನರ್ಸುಗಳು, ನಂದಿಕೂರಿನ ಕಾರ್ಖಾನೆಗಳ ಕಡೆಯಿಂದ ಶನಿವಾರ ಬರುವ ಕೆಲಸಗಾರರು, ಹೋಟೆಲಿನ ಕ್ಯಾಶಿಯರುಗಳು, ಗಲ್ಫಿನಲ್ಲಿರುವ ಗಂಡಂದಿರ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬರುವ ಕಾಪುವಿನ ಹೆಂಗಸರು. ಟ್ಯಾಕ್ಸಕ್ಕ ಕಂಪ್ಯೂಟರ್ ಬಳಸುತ್ತಿದ್ದರೂ ಮೊದಲು ಪೆನ್ಸಿಲಿನಲ್ಲಿ ಲೆಕ್ಕ ಹಾಕದೆ ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ. ಒಬ್ಬರ ಲೆಕ್ಕ ನಡೆಯುವಾಗ ಇನ್ನೊಬ್ಬರು ಮೆಟ್ಟಿಲು ಹತ್ತಿದ ಸದ್ದು ಕೇಳಿದರೆ ಸಾಕು, ಎದುರಿನ ಕಾಗದವನ್ನು ತಟ್ಟನೆ ಬೋರಲು ಹಾಕುತ್ತಿದ್ದರು. ಬಂದದ್ದು ಅಂಚೆಯವನಾದರೂ ಹಾಗೆಯೇ. ಆ ಬೋರಲು ಹಾಕುವ ಕೈಯನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಒಮ್ಮೆ ದುಬೈಯಿಂದ ರಜೆಯಲ್ಲಿ ಬಂದ ಬ್ಯಾರಿ ಒಬ್ಬರು ನನ್ನ ಎದುರೇ ಕೇಳಿದರು, ‘ನನ್ನ ಹೆಂಡತಿಯ ಡಿಪಾಸಿಟ್ ಎಷ್ಟುಂಟು ಅಕ್ಕ? ಅವಳು ಸರಿಯಾಗಿ ಹೇಳುದಿಲ್ಲ.’

‘ಅವರ ಪಾನ್ ಕಾರ್ಡ್ ಉಂಟಾ ನಿಮ್ಮ ಹತ್ರ?’

ಅವರು ಸಂಭ್ರಮದಿಂದ ತೆಗೆದು ಕೊಟ್ಟರು. ಟ್ಯಾಕ್ಸಕ್ಕ ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿ ಹಿಂದೆ ಕೊಟ್ಟರು. ‘ಇದರಲ್ಲಿ ಅವರ ಹೆಸರುಂಟು, ಅವರ ಅಪ್ಪನ ಹೆಸರುಂಟು. ನಿಮ್ಮ ಹೆಸರು ಕಾಣುದಿಲ್ಲ ಮಾರಾಯ್ರೆ.’

ಆ ಮನುಷ್ಯ ದೊಡ್ಡವರು, ನಕ್ಕುಬಿಟ್ಟರು. ಟ್ಯಾಕ್ಸಕ್ಕ ನಗಲಿಲ್ಲ.

ಬ್ಯಾಂಕು ಬಡ್ಡಿಯಲ್ಲಿ ಮುರಿದುಕೊಂಡ ತೆರಿಗೆ ರೀಫಂಡ್ ಆಗಿ ಬಂದಾಗ ಜನ ಅವರಿಗೆ ಬಾಳೆಹಣ್ಣು, ಹಲ್ವ ತಂದು ಕೊಡುವುದಿತ್ತು. ‘ಸರಕಾರದವರು ಕೊಟ್ಟರು ಅಕ್ಕ’ ಎಂದು ಯಾರಾದರೂ ಅಂದರೆ ಮುಗಿಯಿತು. ‘ಕೊಟ್ಟದ್ದಲ್ಲ, ಹಿಂದೆ ಕೊಟ್ಟದ್ದು. ನಿಮ್ಮದೇ ದುಡ್ಡು. ನಿಮ್ಮ ದುಡ್ಡಿಗೆ ನನಗೆ ಯಾಕೆ ಹಲ್ವ?’ ಹಲ್ವ ಮಾತ್ರ ಇಟ್ಟುಕೊಳ್ಳುತ್ತಿದ್ದರು, ಅವರಿಗೆ ಸಿಹಿ ಇಷ್ಟ.

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ರಟ್ಟಿನ ಮೇಲೆ ಬರೆದು ಅಂಟಿಸಿದ ಒಂದು ವಾಕ್ಯವಿತ್ತು: ‘ಗಳಿಸಿದ್ದು ಹೋದ ವರ್ಷ, ಲೆಕ್ಕ ಕೊಡುವುದು ಈ ವರ್ಷ.’ ದುಡಿದ ವರ್ಷಕ್ಕೆ ಒಂದು ಹೆಸರು, ಅದರ ಲೆಕ್ಕ ಒಪ್ಪಿಸುವ ವರ್ಷಕ್ಕೆ ಅಸೆಸ್‌ಮೆಂಟ್ ಇಯರ್ ಎಂಬ ಇನ್ನೊಂದು ಹೆಸರು. ಬ್ಯಾಂಕಿನಲ್ಲಿ ತೆರಿಗೆ ಕಟ್ಟುವಾಗ ಜನ ಎರಡನ್ನೂ ಅದಲುಬದಲು ಮಾಡಿ, ಕಟ್ಟಿದ ದುಡ್ಡು ಬೇರೆ ಯಾವುದೋ ವರ್ಷಕ್ಕೆ ಹೋಗಿ ಕೂತು, ಕಟ್ಟಿದವನಿಗೇ ಬಾಕಿಯ ನೋಟಿಸು ಬರುತ್ತಿತ್ತು. ಈ ಏಪ್ರಿಲಿನಿಂದ ಬಂದ ಹೊಸ ಕಾನೂನಿನಲ್ಲಿ ಆ ಎರಡು ಹೆಸರೂ ಹೋಗಿ ಟ್ಯಾಕ್ಸ್ ಇಯರ್ ಎಂಬ ಒಂದೇ ಹೆಸರು ಉಳಿದಿದೆ. ಅವರು ಇದ್ದಿದ್ದರೆ ಆ ರಟ್ಟನ್ನು ತೆಗೆಯಲು ಸ್ಟೂಲ್ ಹತ್ತುತ್ತಿದ್ದರು, ಹತ್ತಬೇಡಿ ಎಂದವರಿಗೆ ಬೈಯುತ್ತಿದ್ದರು.

ನಾನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆಗಳನ್ನು ಜೋಡಿಸಿಡುವ ವಿಭಾಗದಲ್ಲಿದ್ದೇನೆ. ಮನೆ ಕಾಪುವಿನಲ್ಲಿ. ಅಜ್ಜಿಯಿಂದ ಅಮ್ಮನಿಗೆ ಬಂದ ಮನೆ, ಈಗಲೂ ಅಮ್ಮನ ಹೆಸರಿನಲ್ಲೇ ಇದೆ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಅಂತ ಒಂದು ಭಾಗ ಬರುತ್ತದೆ. ನಿಜವಾಗಿ ಬಾಡಿಗೆ ಕೊಡುವವನಿಗೆ ಅದರಲ್ಲಿ ತೆರಿಗೆಯ ವಿನಾಯಿತಿ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬ ಕ್ಯಾಂಟೀನಿನಲ್ಲಿ ಕಿವಿಯಲ್ಲಿ ಊದಿದ, ‘ಅಮ್ಮನಿಗೆ ಬಾಡಿಗೆ ಕೊಡ್ತೇನೆ ಅಂತ ರಸೀದಿ ಮಾಡಿಸು ಮಾರಾಯ. ರೀಫಂಡ್ ಬರ್ತದೆ.’ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಒಂದು ಭಾನುವಾರ ಅಮ್ಮನನ್ನು ಕೂರಿಸಿ, ‘ಆಫೀಸಿಗೆ ಬೇಕು’ ಎಂದು ಹೇಳಿ, ರೆವಿನ್ಯೂ ಸ್ಟಾಂಪ್ ಅಂಟಿಸಿದ ಹನ್ನೆರಡು ರಸೀದಿಗಳಿಗೆ ಸಹಿ ಹಾಕಿಸಿದೆ. ಅದನ್ನು ಹಿಡಿದುಕೊಂಡು ಬನ್ನಂಜೆಗೆ ಹೋದೆ.

ಟ್ಯಾಕ್ಸಕ್ಕ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟರು.

‘ಇದೆಂತದು?’

‘ಬಾಡಿಗೆ ರಸೀದಿ ಅಕ್ಕ. ಅಮ್ಮನಿಗೆ ಬಾಡಿಗೆ ಕೊಡ್ತೇನೆ ಅಂತ.’

‘ಅಂತ?’

ಅವರು ಮೊದಲನೆಯ ರಸೀದಿಯ ಮೇಲೂ ಕೊನೆಯದರ ಮೇಲೂ ಪೆನ್ಸಿಲ್ ಇಟ್ಟರು. ‘ಏಪ್ರಿಲಿನ ಸಹಿ ನೆಟ್ಟಗೆ ಉಂಟು. ಮಾರ್ಚಿಗೆ ಬರುವಾಗ ಕೈ ಸೋತಿದೆ. ಒಂದೇ ಕೂತಲ್ಲಿ ಹಾಕಿಸಿದ್ದಲ್ವಾ? ಸರಿಯಾಗಿ ಹೇಳು. ಕೊಟ್ಟದ್ದಾ, ಕೊಟ್ಟ ಹಾಗೆ ಮಾಡಿದ್ದಾ?’

‘ಎಲ್ಲರೂ ಹೀಗೇ ಮಾಡುದಲ್ವಾ ಅಕ್ಕ.’

‘ಎಲ್ಲರೂ ನನ್ನ ಹತ್ರ ಬರುದಿಲ್ಲ.’ ಅಲ್ಲಿಯವರೆಗೆ ಸ್ವರ ಏರಿರಲಿಲ್ಲ. ಆಮೇಲೆ ಏರಿತು. ‘ಆ ಪ್ರಾಯದವರ ಕೈಯಲ್ಲಿ ಹನ್ನೆರಡು ಸಲ ಸುಳ್ಳಿಗೆ ಸಹಿ ಹಾಕಿಸಿದ್ದೀಯಲ್ಲ, ನಾಚಿಕೆ ಆಗುದಿಲ್ವಾ ನಿನಗೆ? ಇದರಲ್ಲಿ ಎಂತ ಬರೆದಿದೆ ಅಂತಾದ್ರೂ ಅವರಿಗೆ ಗೊತ್ತುಂಟಾ? ಹಣ ಸಿಕ್ಕಿತು ಅಂತ ಬರೆದುಕೊಟ್ಟಿದ್ದಾರೆ ಅವರು. ಎಲ್ಲಿ ಉಂಟು ಹಣ?’

ಬೆಂಚಿನ ಮೇಲೆ ಇಬ್ಬರು ನರ್ಸುಗಳು ಕೂತಿದ್ದರು, ಇಬ್ಬರಿಗೂ ನನ್ನ ಪರಿಚಯವಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ ತಣ್ಣಗಾದರು. ‘ಅಮ್ಮನಿಗೆ ಬಾಡಿಗೆ ಕೊಡುದು ತಪ್ಪಲ್ಲ. ಕಾನೂನು ಒಪ್ತದೆ. ಆದ್ರೆ ಕೊಡ್ಬೇಕು. ಬರುವ ಏಪ್ರಿಲಿನಿಂದ ತಿಂಗಳು ತಿಂಗಳು ಅವರ ಖಾತೆಗೆ ಹಾಕು. ಹಾಕಿ ಹಿಂದೆ ತೆಗೊಳ್ಳುದಲ್ಲ. ಅವರ ಎಟಿಎಮ್ ಕಾರ್ಡ್ ನಿನ್ನ ಕಿಸೆಯಲ್ಲಿ ಇಟ್ಕೊಳ್ಳುದೂ ಅಲ್ಲ. ಈ ವರ್ಷದ್ದಕ್ಕೆ ಟ್ಯಾಕ್ಸ್ ಕಟ್ಟು. ಮತ್ತೆ, ಬಾಡಿಗೆ ಎಷ್ಟು ಅಂತ ನೀನು ಹೇಳುದಲ್ಲ. ಮನೆಯ ಧಣಿ ಹೇಳುದು. ಕರ್ಕೊಂಡು ಬಾ.’

ನಮ್ಮೂರಲ್ಲಿ ಜಮೀನಿನ ಒಡೆಯರಿಗೆ ಧಣಿ ಎನ್ನುವುದು ವಾಡಿಕೆ. ನನ್ನ ಅಮ್ಮನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಆಯುಷ್ಯದ ಅರ್ಧ ಬೀಡಿ ಕಟ್ಟಿ, ಅಪ್ಪನ ಕಾಲದಲ್ಲಿ ಅಪ್ಪನ ಹತ್ತಿರ, ನನ್ನ ಕಾಲದಲ್ಲಿ ನನ್ನ ಹತ್ತಿರ ಬಸ್ಸಿನ ದುಡ್ಡು ಕೇಳಿ ತೆಗೆದುಕೊಂಡವಳು. ಅವಳನ್ನು ಕರೆದುಕೊಂಡು ಹೋದೆ. ವಿಷಯ ತಿಳಿದು ಅವಳಿಗೆ ಗಾಬರಿ.

‘ಮಗನ ಹತ್ರ ಬಾಡಿಗೆ ತೆಗೊಳ್ಳುದಾ? ಜನ ಎಂತ ಹೇಳಿಯಾರು?’

‘ಜನರಿಗೆ ಹೇಳುವವರು ಯಾರು ಅಮ್ಮ? ನಾನಂತೂ ಅಲ್ಲ’ ಎಂದು ಟ್ಯಾಕ್ಸಕ್ಕ ನನ್ನ ಕಡೆ ತಿರುಗಿ, ‘ನೀನು ಕೆಳಗೆ ಹೋಗಿ ಲಿಂಬೆ ಜ್ಯೂಸ್ ತೆಗೊಂಡು ಬಾ’ ಅಂದರು. ನಾನು ಜ್ಯೂಸ್ ಹಿಡಿದುಕೊಂಡು ಬರುವಷ್ಟರಲ್ಲಿ ಬಾಡಿಗೆ ತೀರ್ಮಾನವಾಗಿತ್ತು. ತಿಂಗಳಿಗೆ ಹನ್ನೆರಡು ಸಾವಿರ. ನಾನು ಐದರ ಅಂದಾಜಿನಲ್ಲಿದ್ದವನು.

‘ಹನ್ನೆರಡಾ ಅಮ್ಮ?’

ಅಮ್ಮ ಕಿಟಕಿಯ ಆಚೆ ನೋಡಿದಳು. ಟ್ಯಾಕ್ಸಕ್ಕ ಜ್ಯೂಸ್ ಕುಡಿಯುತ್ತಾ, ‘ಕಾಪುವಿನಲ್ಲಿ ಬಾವಿ ಇರುವ ಮನೆ ಅದಕ್ಕಿಂತ ಕಡಿಮೆಗೆ ಸಿಕ್ಕಿದ್ರೆ ನೀನು ಹೋಗು ಮಾರಾಯ’ ಎಂದರು.

ಹೀಗೆ ನಾನು ನನ್ನ ಅಮ್ಮನ ಮನೆಯ ಬಾಡಿಗೆದಾರನಾದೆ. ತಿಂಗಳ ಒಂದನೇ ತಾರೀಕು ಅವಳ ಖಾತೆಗೆ ದುಡ್ಡು ಹೋಗುತ್ತಿತ್ತು. ನನಗೆ ವರ್ಷ ವರ್ಷ ರೀಫಂಡ್ ಬರುತ್ತಿತ್ತು. ಅದನ್ನು ನನ್ನ ಜಾಣತನ ಎಂದುಕೊಂಡು ಬೀಗುತ್ತಿದ್ದೆ. ಅಮ್ಮ ಬಸ್ಸಿಗೆ, ಮದ್ದಿಗೆ, ಮದುವೆಯ ಲಕೋಟೆಗೆ ಎಂದು ನನ್ನ ಎದುರು ನಿಲ್ಲುವುದು ತಪ್ಪಿತು. ವರ್ಷಕ್ಕೆ ನಾಲ್ಕೈದು ಸಲ ‘ಟ್ಯಾಕ್ಸಕ್ಕನ ಹತ್ರ ಹೋಗಿ ಬಂದೆ’ ಎನ್ನುತ್ತಿದ್ದಳು. ವಯಸ್ಸಾದವರಿಗೆ ಮಾತಿಗೊಬ್ಬರು ಬೇಕು, ಸಿಕ್ಕಿದ್ದಾರೆ ಎಂದಷ್ಟೇ ನನ್ನ ತಿಳಿವಳಿಕೆ.

ಆಗ ಗೊತ್ತಿಲ್ಲದೆ ಈಗ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೊಬ್ಬಳು ತಂಗಿ ಇದ್ದಾಳೆ, ಕಾರ್ಕಳದಲ್ಲಿ. ಗಂಡ ತೀರಿಹೋಗಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಕಾಪುವಿನ ಮನೆಯಲ್ಲಿ ತನಗೂ ಪಾಲು ಉಂಟು ಎಂದು ಅವಳು ಒಮ್ಮೆ ಬಾಯಿ ಬಿಟ್ಟು ಹೇಳಿದ್ದಕ್ಕೆ ನಾನು ಆಡಬಾರದ ಮಾತು ಆಡಿ, ಆಮೇಲೆ ಮಾತೇ ಬಿಟ್ಟೆ. ನನ್ನ ಎದುರು ಅವಳ ಹೆಸರೆತ್ತುವ ಹಾಗಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ನಾನು ಕೊಟ್ಟ ಬಾಡಿಗೆಯಲ್ಲಿ ದೊಡ್ಡ ಪಾಲು ತಿಂಗಳು ತಿಂಗಳು ಕಾರ್ಕಳಕ್ಕೆ ಹೋಗುತ್ತಿತ್ತು. ತಂಗಿಯ ಮಗಳು ಅದರಲ್ಲೇ ಓದುತ್ತಿದ್ದಳು, ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದಳು. ಬ್ಯಾಂಕಿನಿಂದ ಕಾಲೇಜಿಗೆ ಫೀಸು ಕಳಿಸುವ ಕ್ರಮವನ್ನು ಅಮ್ಮನಿಗೆ ಕಲಿಸಿಕೊಟ್ಟವರು ಟ್ಯಾಕ್ಸಕ್ಕ. ವರ್ಷಕ್ಕೊಮ್ಮೆ ಅದೇ ಮೇಜಿನ ಎದುರು ನಾನು ಕೂತಾಗ ಅವರ ಬಾಯಿಂದ ಇದರ ಒಂದು ಅಕ್ಷರ ಹೊರಬೀಳಲಿಲ್ಲ.

ಅಷ್ಟರಲ್ಲಿ ಕಾನೂನು ಬದಲಾಗುತ್ತ ಬಂತು. ಹಳೆಯ ಪದ್ಧತಿ ಬೇಕೋ, ಹೊಸದು ಬೇಕೋ ಎಂದು ಆರಿಸಿಕೊಳ್ಳುವ ಏರ್ಪಾಡು. ಟ್ಯಾಕ್ಸಕ್ಕ ಅದನ್ನು ಎಲ್ಲರಿಗೂ ಬಸ್ಸಿನ ಲೆಕ್ಕದಲ್ಲಿ ಹೇಳುತ್ತಿದ್ದರು. ‘ಹಳೇದು ಸರ್ವಿಸ್ ಬಸ್ಸು. ಬಾಡಿಗೆಗೆ ಒಂದು ಸ್ಟಾಪು, ವಿಮೆಗೆ ಒಂದು ಸ್ಟಾಪು, ಮಕ್ಕಳ ಫೀಸಿಗೆ ಒಂದು ಸ್ಟಾಪು. ಹೊಸದು ಎಕ್ಸ್‌ಪ್ರೆಸ್ಸು. ಟಿಕೇಟು ಕಡಿಮೆ, ಎಲ್ಲಿಯೂ ನಿಲ್ಲುದಿಲ್ಲ.’ ಮೊದಮೊದಲು ಬೇಕಾದವರು ಕೇಳಿ ಎಕ್ಸ್‌ಪ್ರೆಸ್ ಹತ್ತಬೇಕಿತ್ತು. ಆಮೇಲೆ ಒಂದು ವರ್ಷ ಅದು ತಿರುಗುಮುರುಗಾಯಿತು. ಏನೂ ಹೇಳದಿದ್ದರೆ ಹೊಸ ಪದ್ಧತಿಯೇ, ಹಳೆಯದು ಬೇಕಾದವರು ಬಾಯಿ ಬಿಟ್ಟು ಹೇಳಬೇಕು.

ಆ ವರ್ಷ ಟ್ಯಾಕ್ಸಕ್ಕನೇ ಎಡವಿದರು. ಒಬ್ಬ ನರ್ಸಿನ ರಿಟರ್ನಿನಲ್ಲಿ ಹಳೆಯದು ಬೇಕು ಎಂದು ಗುರುತು ಹಾಕುವುದು ಬಿಟ್ಟುಹೋಯಿತು. ರೀಫಂಡ್ ಬರಬೇಕಾದ ಹುಡುಗಿಗೆ ಬಿಲ್ಲು ಬಂತು. ಗೊತ್ತಾಗುವಾಗ ಕೊನೆಯ ದಿನಾಂಕ ಕಳೆದಿತ್ತು, ತಿದ್ದುವ ದಾರಿ ಇರಲಿಲ್ಲ. ಜಡಿಮಳೆಯ ಒಂದು ಮಧ್ಯಾಹ್ನ ಅವರು ಬಸ್ಸು ಹಿಡಿದು ಮಣಿಪಾಲಕ್ಕೆ ಬಂದು, ನಮ್ಮ ವಿಭಾಗದ ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದು ನಿಂತು, ಆ ನರ್ಸ್ ಯಾವ ವಾರ್ಡಿನಲ್ಲಿದ್ದಾಳೆ ಎಂದು ನನ್ನನ್ನು ಕೇಳಿದರು. ನಾನೇ ಕರೆದುಕೊಂಡು ಹೋದೆ. ಬಿಲ್ಲಿನ ದುಡ್ಡು, ತಪ್ಪಿಹೋದ ರೀಫಂಡಿನ ದುಡ್ಡು ಎರಡನ್ನೂ ಲಕೋಟೆಯಲ್ಲಿಟ್ಟು ತಂದಿದ್ದರು. ಆ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು, ‘ಅಯ್ಯೋ ಬೇಡ ಅಕ್ಕ, ಎಲ್ಲರಿಗೂ ತಪ್ತದೆ’ ಎಂದಳು.

‘ತಪ್ಪಿದ್ದು ನನಗೆ. ಬಿಲ್ಲು ಬಂದದ್ದು ನಿನಗೆ. ಅದು ಹೇಗೆ ಸರಿಯಾಗ್ತದೆ?’ ಎಂದು ಅವಳ ಏಪ್ರನ್ನಿನ ಕಿಸೆಗೆ ಲಕೋಟೆ ತುರುಕಿ, ನಾನು ಚಹಾ ಕುಡಿದು ಹೋಗಿ ಎಂದರೂ ಕೇಳದೆ ಮಳೆಯಲ್ಲೇ ಇಳಿದು ಹೋದರು. ಅವರ ಚಪ್ಪಲಿಯ ಒಂದು ಬಾರು ಕಿತ್ತು ಹೋಗಿತ್ತು. ಕಾಲೆಳೆದುಕೊಂಡು ಬಸ್ ಸ್ಟಾಪಿನವರೆಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ.

ಅದರ ಮರುವರ್ಷದ ಬಜೆಟ್ಟಿನಲ್ಲಿ, ಹೊಸ ಪದ್ಧತಿಯಲ್ಲಿರುವವರಿಗೆ ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂದಾಯಿತು. ನನ್ನ ಸಂಬಳ ಅದರ ಒಳಗೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಆ ದಿನ ಜಿಲೇಬಿ ಹಂಚಿದರು. ನನ್ನ ತಲೆಗೆ ಹೊಳೆದ ಮೊದಲ ಲೆಕ್ಕವೆಂದರೆ, ಇನ್ನು ಬಾಡಿಗೆ ತೋರಿಸಬೇಕಾಗಿಲ್ಲ. ತೋರಿಸಬೇಕಾಗಿಲ್ಲ ಎಂದ ಮೇಲೆ ಕೊಡಬೇಕಾಗಿಯೂ ಇಲ್ಲ. ಏಪ್ರಿಲ್ ಒಂದರಂದು ಊಟಕ್ಕೆ ಕೂತಾಗ ಹೇಳಿದೆ, ‘ಅಮ್ಮ, ಇನ್ನು ಬಾಡಿಗೆ ಇಲ್ಲ. ಕಾನೂನು ಬದಲಾಗಿದೆ.’

‘ಹೌದಾ?’ ಎಂದಳು ಅಮ್ಮ. ಸಾರು ಬೇಕಾ ಎಂದು ಕೇಳಿದಳು.

ಮೇ ತಿಂಗಳಲ್ಲಿ ಒಂದು ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಬಿಟ್ಟು ಹದಿನೈದು ವರ್ಷವಾಗಿತ್ತು. ‘ಇದೆಂತ ಪುನಃ ಶುರು?’ ಎಂದೆ. ‘ಕೈ ಸುಮ್ಮನೆ ಕೂರುದಿಲ್ಲ ಮಗ’ ಎಂದಳು. ನಾನು ನಂಬಿದೆ. ಬೆರಳು ಮೊದಲಿನಷ್ಟು ಚುರುಕಿಲ್ಲ ಎಂದು ತಮಾಷೆ ಬೇರೆ ಮಾಡಿದೆ. ಈಗ ಆ ತಮಾಷೆ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಆ ವರ್ಷ ಗಡುವು ಮುಂದೆ ಹೋಗಿದ್ದರಿಂದ ಆಗಸ್ಟಿನಲ್ಲಿ ರಿಟರ್ನಿಗೆಂದು ಬನ್ನಂಜೆಗೆ ಹೋದೆ. ಟ್ಯಾಕ್ಸಕ್ಕ ತೀರಾ ಇಳಿದುಹೋಗಿದ್ದರು. ಸೆಕೆಯಲ್ಲೂ ಶಾಲು ಹೊದ್ದಿದ್ದರು. ಕಾಯಿಲೆ ಏನೆಂದು ಕೇಳಿದ್ದಕ್ಕೆ ‘ಉಂಟು ಒಂದು’ ಎಂದು ಬಿಟ್ಟರು. ಹಿಂದಿನ ವರ್ಷದ ಬಾಡಿಗೆ ನೋಡಲು ನನ್ನ ಬ್ಯಾಂಕಿನ ಸ್ಟೇಟ್‌ಮೆಂಟ್ ತಿರುವಿಹಾಕುತ್ತ ಕೊನೆಯ ಹಾಳೆಗೆ ಬಂದು ಪೆನ್ಸಿಲ್ ನಿಂತಿತು.

‘ಏಪ್ರಿಲಿಂದ ಬಾಡಿಗೆ ಇಲ್ಲ?’

‘ಇಲ್ಲ ಅಕ್ಕ, ಇನ್ನು ಬೇಡ ಅಲ್ವಾ. ಟ್ಯಾಕ್ಸೇ ಇಲ್ಲ ಅಂದ ಮೇಲೆ ಬಾಡಿಗೆ ತೋರಿಸಿ ಎಂತ ಪ್ರಯೋಜನ?’

‘ಮನೆ ಖಾಲಿ ಮಾಡಿದ್ಯಾ?’

‘ಇಲ್ಲ.’

‘ಮತ್ತೆ? ಸರಕಾರ ಬಿಟ್ಟದ್ದು ಟ್ಯಾಕ್ಸು. ಬಾಡಿಗೆ ಬಿಟ್ಟದ್ದು ಯಾರು? ಧಣಿಯ ಹತ್ರ ಕೇಳಿದ್ಯಾ?’

‘ಅಮ್ಮನಿಗೆ ಹೇಳಿದೆ. ಹೌದಾ ಅಂತ ಹೇಳಿದ್ಲು.’

‘ಹೌದಾ ಅಂದ್ರೆ ಒಪ್ಪಿದ್ದಲ್ಲ.’

ನನಗೆ ಸಿಟ್ಟು ಬಂತು. ‘ಅಕ್ಕ, ಅಮ್ಮನಿಗೆ ಅಷ್ಟು ದುಡ್ಡು ಎಂತಕ್ಕೆ? ಊಟ, ಬಟ್ಟೆ, ಮದ್ದು ಎಲ್ಲ ನಾನೇ ನೋಡ್ತೇನಲ್ಲ? ನೀವು ನನ್ನ ಟ್ಯಾಕ್ಸ್ ನೋಡಿ ಸಾಕು.’

ಅವರು ಏನೋ ಹೇಳಲು ಬಾಯಿ ತೆರೆದರು. ತುಟಿ ಅಲುಗಿದ್ದನ್ನು ನಾನು ಕಂಡೆ. ಆಮೇಲೆ ನನ್ನ ಸ್ಟೇಟ್‌ಮೆಂಟನ್ನು ನಿಧಾನವಾಗಿ ಬೋರಲು ಹಾಕಿದರು, ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ‘ಇಷ್ಟು ವರ್ಷ ಕೊಟ್ಟದ್ದೆಲ್ಲ ಕೊಟ್ಟ ಹಾಗೆ ಮಾಡಿದ್ದೇ ಆಯ್ತು ಹಾಗಾದ್ರೆ. ಎಂತಕ್ಕೆ ಅಂತ ನನ್ನ ಹತ್ರ ಕೇಳ್ಬೇಡ. ಮನೆಗೆ ಹೋಗಿ ಅವರ ಹತ್ರ ಮಾತಾಡು. ಇವತ್ತೇ ಮಾತಾಡು. ಕೇಳಿಸ್ತಾ? ಇವತ್ತೇ.’

ಇದೇ ಎರಡನೆಯ ಬೈಗುಳ. ಸ್ವರ ಏರಿರಲಿಲ್ಲ, ಏರಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಾನು ಮುಖ ಊದಿಸಿಕೊಂಡು ಎದ್ದು ಬಂದೆ. ಮುದುಕಿಗೆ ಊರವರ ಮನೆಯೊಳಗೆ ಮೂಗು ತೂರಿಸುವ ಚಾಳಿ ಹಿಡಿದಿದೆ ಎಂದು ದಾರಿಯುದ್ದಕ್ಕೂ ಗೊಣಗಿದೆ. ಆ ದಿನ ಅಮ್ಮನ ಹತ್ತಿರ ಮಾತಾಡಲಿಲ್ಲ, ಮರುದಿನವೂ ಇಲ್ಲ. ಸೆಪ್ಟೆಂಬರಿನಲ್ಲಿ ಅವರು ನನಗೆ ಮೂರು ಸಲ ಫೋನ್ ಮಾಡಿದರು. ಇನ್ನೂ ಬೈಯಲಿಕ್ಕೆ ಇರಬೇಕೆಂದು ನಾನು ಎತ್ತಲಿಲ್ಲ. ತಂಗಿಯ ಮಗಳ ಎರಡನೆಯ ವರ್ಷದ ಫೀಸಿಗೆ ಆ ತಿಂಗಳೇ ಕೊನೆ ಎಂದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಅವರು ತೀರಿಕೊಂಡ ಮೇಲೆ ನಾನು ಮನಸ್ಸಿನಲ್ಲೇ ಅವರೊಡನೆ ಎಷ್ಟು ಜಗಳವಾಡಿದ್ದೇನೆ! ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಕ್ಕ, ನಿಮ್ಮ ನೇಮ ಒಂದು ಹುಡುಗಿಯ ಓದಿಗಿಂತ ದೊಡ್ಡದಾ ಎಂದು. ಆದರೆ ಅವರು ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದೂ ನನಗೆ ಗೊತ್ತು. ನನ್ನ ಬೆನ್ನ ಹಿಂದೆ ಕಾರ್ಕಳಕ್ಕೆ ದುಡ್ಡು ಹೋಗುತ್ತಿತ್ತಲ್ಲ ಎಂದು ಮನೆಯಲ್ಲಿ ಕೂಗಾಡಿ, ಅಮ್ಮನಿಂದ ಪೈಸೆ ಪೈಸೆಯ ಲೆಕ್ಕ ಕೇಳುತ್ತಿದ್ದೆ. ಅವರು ನನ್ನನ್ನು ಸರಿಯಾಗಿಯೇ ಅಳೆದಿದ್ದರು.

ಉತ್ತರಕ್ರಿಯೆಯ ಊಟಕ್ಕೆ ಅಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಂಗಳದ ಚಪ್ಪರದಡಿ ಊರಿನ ಎಲ್ಲ ಬಗೆಯ ಜನರಿದ್ದರು. ಆ ದುಬೈಯವರ ಹೆಂಡತಿ ಒಂದು ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ತೊಳೆಯುವಲ್ಲಿ ಒಬ್ಬಳು ಹುಡುಗಿ ಎದುರಾದಳು. ಉಡುಪಿಯ ಯಾವುದೋ ಬಟ್ಟೆಯಂಗಡಿಯ ನೀಲಿ ಸಮವಸ್ತ್ರ, ಕುತ್ತಿಗೆಯಲ್ಲಿ ಗುರುತಿನ ಚೀಟಿ.

‘ಮಾವ, ಊಟ ಆಯ್ತಾ?’ ಎಂದಳು.

ತಂಗಿಯ ಮಗಳೆಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಲ್ಲಿ ತಾಯಿಯ ಅಣ್ಣನೆಂದರೆ ತಂದೆಗಿಂತ ಒಂದು ಕೈ ಮೇಲೆ. ಅಂಥ ಮಾವ ನಾನು, ಆ ಮುಖವನ್ನು ನೋಡದೆ ಆರು ವರ್ಷವಾಗಿತ್ತು.

‘ನೀನು ಓದುದಲ್ವಾ?’

‘ನರ್ಸಿಂಗ್ ಸೇರಿದ್ದೆ ಮಾವ. ಈ ವರ್ಷ ಫೀಸು ಕಟ್ಲಿಕ್ಕೆ ಆಗ್ಲಿಲ್ಲ, ಬಿಟ್ಟೆ.’ ದೂರು ಹೇಳುವ ಸ್ವರವಲ್ಲ ಅದು, ಬಸ್ಸು ತಪ್ಪಿತು ಎಂದ ಹಾಗೆ. ‘ಊಟದ ಟೈಮ್ ಮುಗೀತು. ಬರ್ತೇನೆ’ ಎಂದು ಓಡಿದಳು. ಚಪ್ಪರದ ಕಂಬದ ಹತ್ತಿರ ಅಮ್ಮ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಕಟಪಾಡಿ ದಾಟಿದ ಮೇಲೆ ಅಮ್ಮನೇ ಹೇಳಿದಳು, ಎಲ್ಲವನ್ನೂ, ಒಂದೊಂದಾಗಿ. ಬಾಡಿಗೆ ಎಲ್ಲಿಗೆ ಹೋಗುತ್ತಿತ್ತು, ಬೀಡಿ ಕಟ್ಟಿ ಎಷ್ಟು ಒಟ್ಟು ಮಾಡಿದಳು, ಎಷ್ಟು ಸಾಲಲಿಲ್ಲ ಎಂಬುದನ್ನು. ‘ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ನೋಡ್ಲಿಕ್ಕೆ ಹೋಗಿದ್ದೆ. ಅವನಿಗೆ ನಾನು ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ, ನೀವು ಧಣಿ, ನೀವೇ ಕೇಳ್ಬೇಕು ಅಂದ್ರು. ನನ್ನ ಕೈ ಹಿಡಿದು ಅಂದ್ರು. ನನಗೆ ಧೈರ್ಯ ಬರ್ಲಿಲ್ಲ.’

‘ಧೈರ್ಯ ಎಂತಕ್ಕಮ್ಮ? ಸ್ವಲ್ಪ ಹಣ ಬೇಕು ಅಂತ ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?’

ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೂತಳು. ‘ಹಣ ಕೇಳಿದ್ರೆ ನೀನು ಎಂತಕ್ಕೆ ಅಂತ ಕೇಳ್ತಿ ಮಗ. ಬಾಡಿಗೆ ತೆಗೊಳ್ಳುವವರ ಹತ್ರ ಯಾರೂ ಹಾಗೆ ಕೇಳುದಿಲ್ಲ.’

ಕಾಪುವಿನಲ್ಲಿ ಇಳಿದು ಮನೆಯ ದಾರಿ ಹಿಡಿದೆವು. ಗೇಟಿನ ಮುಂದೆ ಬಂದು ಅಮ್ಮ ನಿಂತುಬಿಟ್ಟಳು. ಚಿಲಕದ ಮೇಲೆ ಕೈ ಇಟ್ಟಿದ್ದಳು, ತೆಗೆಯಲಿಲ್ಲ. ನನ್ನ ಮುಖ ನೋಡಲಿಲ್ಲ. ಗೇಟಿನ ಕಡೆಗೇ ನೋಡುತ್ತ ಹೇಳಿದಳು:

‘ಎಂಟು ತಿಂಗಳ ಬಾಡಿಗೆ ಬಾಕಿ ಉಂಟು.’

ನಾನು ಅಲ್ಲೇ ನಿಂತು ಫೋನ್ ತೆಗೆದು ಎಂಟು ತಿಂಗಳದ್ದನ್ನು ಒಟ್ಟಿಗೆ ಅವಳ ಖಾತೆಗೆ ಕಳಿಸಿದೆ. ಅವಳ ಚೀಲದಲ್ಲಿ ಫೋನ್ ಸದ್ದು ಮಾಡಿತು. ತೆಗೆದು, ಕಣ್ಣಿನಿಂದ ದೂರ ಹಿಡಿದು, ಅಂಕೆಗಳನ್ನು ಒಂದೊಂದಾಗಿ ಓದಿ, ತುಟಿಯಲ್ಲೇ ಎಂಟರಿಂದ ಗುಣಿಸಿ ನೋಡಿದಳು.

‘ಸರಿ ಉಂಟು’ ಎಂದು ಹೇಳಿ ಗೇಟು ತೆಗೆದಳು.